ನರ್ಸ್ ಆಗೂದಕ್ಕ ಲೆಕ್ಕ ಯಾಕ ಬೇಕು?



ನಾಗಣಸೂರ, ಅಕ್ಕಲಕೋಟ ಕಡೆಯ ಯಾವ ಕನ್ನಡ ಶಾಲೆಗೆ ಹೋಗಿ "ಮುಂದ ಏನಾಗ್ತೀರಿ?" ಅಂತ ಕೇಳಿದರೂ "ನರ್ಸ್" ಅಂತ ಕೈ ಎತ್ತುವವರು ಇದ್ದೇ ಇರ್ತಾರ. ಅವರಲ್ಲಿ ಕೆಲವರ ಮನಸ್ಸಿನಲ್ಲಿ ಇನ್ನೊಂದು ಯೋಚನೆಯೂ ಇರ್ತದ: ಹತ್ತನೆಯ ಇಯತ್ತೆ ಮುಗಿದ ಮೇಲೆ ವಿಜ್ಞಾನ ಶಾಖೆಗೆ ಹೋಗೂದು, ಜೀವಶಾಸ್ತ್ರ ಇಟ್ಟುಕೊಳ್ಳೂದು, ಗಣಿತಕ್ಕೆ ಅಲ್ಲಿಗೇ ಕೈಮುಗಿಯೂದು. ನಿಯಮವೂ ಇದಕ್ಕೆ ಅಡ್ಡ ಬರುವುದಿಲ್ಲ. ಬಿ.ಎಸ್ಸಿ. ನರ್ಸಿಂಗ್‌ಗೆ ಹನ್ನೆರಡನೆಯ ಇಯತ್ತೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಬೇಕು, ಗಣಿತ ಕಡ್ಡಾಯವಲ್ಲ.

ಆದರೆ ನರ್ಸಿಂಗ್ ಕಾಲೇಜಿಗೆ ಹೋದ ಮೇಲೆ ಗಣಿತ ಬೇರೆ ಹೆಸರಿನಿಂದ ಎದುರಿಗೆ ಬಂದು ನಿಲ್ಲುತ್ತದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಪಠ್ಯಕ್ರಮದಲ್ಲಿ "ನರ್ಸಿಂಗ್ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ" ಎಂಬ ವಿಷಯ ಎಲ್ಲರಿಗೂ ಕಡ್ಡಾಯ. ಅದರಲ್ಲಿ ಪಾಸಾಗದೆ ಪದವಿ ಇಲ್ಲ. ಸೂಜಿ ಹಾಕುವುದರಲ್ಲಿ, ಬ್ಯಾಂಡೇಜ್ ಕಟ್ಟುವುದರಲ್ಲಿ ಜಾಣರಾದವರೂ ಇಲ್ಲಿ ಬಂದು ಬೆವರುತ್ತಾರೆ. ಗಣಿತ ಬಿಟ್ಟು ವರ್ಷಗಳು ಕಳೆದಿರುತ್ತವೆ, ಪುಸ್ತಕ ಪೂರ್ತಿ ಇಂಗ್ಲಿಷ್‌ನಲ್ಲಿ ಇರುತ್ತದೆ.

ಹಾಗಾದರೆ ಇವತ್ತೇ ಒಂದು ಮಾತು ತಿಳಿದುಕೊಳ್ಳಿರಿ. ಆ ವಿಷಯದ ಅಡಿಪಾಯ ನಿಮ್ಮ ಕೈಯಲ್ಲೇ ಇದೆ. ಬಾಲಭಾರತಿಯ ಹತ್ತನೆಯ ಇಯತ್ತೆಯ ಗಣಿತ ಭಾಗ 1ರ ಕೊನೆಗೆ ಎರಡು ಪಾಠ ಇವೆ: ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರ. ವರ್ಷದ ಕೊನೆಯ ಅವಸರದಲ್ಲಿ ಓಡಿಸಿಬಿಡುವ ಈ ಎರಡು ಪಾಠಗಳ ಮೇಲೆಯೇ ನರ್ಸಿಂಗ್ ಸಂಖ್ಯಾಶಾಸ್ತ್ರ ನಿಂತಿದೆ.

ಲೆಕ್ಕ ಇಟ್ಟ ನರ್ಸ್

ಫ್ಲಾರೆನ್ಸ್ ನೈಟಿಂಗೇಲ್ ಅಂದರೆ ದೀಪ ಹಿಡಿದು ರೋಗಿಗಳ ನಡುವೆ ಓಡಾಡುವ ತಾಯಿಯ ಚಿತ್ರ ನಮಗೆ ನೆನಪಾಗುತ್ತದೆ. ಅವರ ಇನ್ನೊಂದು ಕೈಯಲ್ಲಿ ಲೆಕ್ಕದ ವಹಿ ಇತ್ತು ಅನ್ನುವುದು ಅಷ್ಟಾಗಿ ಗೊತ್ತಿಲ್ಲ.

1854ರ ನವೆಂಬರದಲ್ಲಿ ಅವರು 38 ಮಂದಿ ದಾದಿಯರೊಂದಿಗೆ ತುರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೈನ್ಯದ ದವಾಖಾನೆಗೆ ಬಂದರು. ಕ್ರಿಮಿಯಾ ಯುದ್ಧದ ಕಾಲ ಅದು. ಸೈನಿಕರು ಗುಂಡು ತಗುಲಿ ಸಾಯುತ್ತಾರೆ ಎಂದೇ ಎಲ್ಲರ ತಿಳುವಳಿಕೆ. ಲೆಕ್ಕ ಬೇರೆಯದನ್ನೇ ಹೇಳಿತು: ಗಾಯದಿಂದ ಸತ್ತವರಿಗಿಂತ ಕಾಲರಾ, ಭೇದಿ, ವಿಷಮಜ್ವರದಂಥ ರೋಗಗಳಿಂದ ಸತ್ತವರು ಎಷ್ಟೋ ಪಟ್ಟು ಹೆಚ್ಚು. 1855ರ ಫೆಬ್ರುವರಿಯಲ್ಲಿ ಅಲ್ಲಿ ಸಾವಿನ ಪ್ರಮಾಣ ನೂರಕ್ಕೆ ಸುಮಾರು 42 ಆಗಿತ್ತು. ಮಾರ್ಚ್‌ನಲ್ಲಿ ನೈರ್ಮಲ್ಯ ಆಯೋಗ ಬಂದು ಚರಂಡಿ ತೊಳೆಸಿ, ಗಾಳಿ ಆಡುವಂತೆ ಮಾಡಿತು. ಜೂನ್ ಹೊತ್ತಿಗೆ ಅದು ನೂರಕ್ಕೆ ಸುಮಾರು 2ಕ್ಕೆ ಇಳಿಯಿತು.

ಮಂತ್ರಿಗಳು ಉದ್ದನೆಯ ಕೋಷ್ಟಕ ಓದುವುದಿಲ್ಲ ಎಂದು ನೈಟಿಂಗೇಲ್‌ರಿಗೆ ಗೊತ್ತಿತ್ತು. ಅದಕ್ಕೇ 1858ರಲ್ಲಿ ಒಂದು ಬಣ್ಣದ ಚಿತ್ರ ಪ್ರಕಟಿಸಿದರು. ನಿಮ್ಮ ಪುಸ್ತಕದ ವೃತ್ತಾಲೇಖದಲ್ಲಿ ಕೋನ ಬದಲಾಗುತ್ತದೆ, ತ್ರಿಜ್ಯ ಒಂದೇ ಇರುತ್ತದೆ. ಅವರ ಚಿತ್ರದಲ್ಲಿ ಹನ್ನೆರಡು ತಿಂಗಳಿಗೆ ಹನ್ನೆರಡು ಹೋಳು. ಪ್ರತಿಯೊಂದಕ್ಕೂ ಕೋನ 30°, ಬದಲಾಗುವುದು ತ್ರಿಜ್ಯ. ಸಾವು ಹೆಚ್ಚಾದಂತೆ ಹೋಳಿನ ಕ್ಷೇತ್ರಫಲ ಹೆಚ್ಚು. ರೋಗದ ಸಾವಿಗೆ ನೀಲಿ, ಗಾಯದ ಸಾವಿಗೆ ಕೆಂಪು, ಉಳಿದ ಕಾರಣಗಳಿಗೆ ಕಪ್ಪು. ನೀಲಿ ಬಣ್ಣ ಪುಟದ ತುಂಬ ಹರಡಿತ್ತು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಅವರನ್ನು ತನ್ನ ಮೊದಲ ಮಹಿಳಾ ಸದಸ್ಯರನ್ನಾಗಿ ಆರಿಸಿತು.

ಅವರು ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿಯ ಸೈನಿಕ ಠಾಣೆಗಳಿಗೆ ಪ್ರಶ್ನಾವಳಿ ಕಳಿಸಿ, ಬಂದ ಉತ್ತರಗಳನ್ನು ಲೆಕ್ಕ ಹಾಕಿದರು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಜನ ಸಾಯುತ್ತಿದ್ದರು ಎಂದು 1863ರ ವರದಿಯಿಂದ ತಿಳಿದುಬಂತು. ನೀರು, ಚರಂಡಿ, ವಸತಿ ಸುಧಾರಿಸುತ್ತ ಹೋದಂತೆ, ಹತ್ತು ವರ್ಷದ ನಂತರ ಅವರೇ ಬರೆದ ಲೆಕ್ಕದಲ್ಲಿ ಅದು 18 ಆಗಿತ್ತು.

ಏಳು ಹುಡುಗಿಯರ ರಕ್ತ

ಈಗ ನಮ್ಮ ಕಡೆಗೆ ಬರೋಣ. ಒಂದು ಶಾಲೆಯಲ್ಲಿ ಏಳು ಹುಡುಗಿಯರ ಹಿಮೋಗ್ಲೋಬಿನ್ ತಪಾಸಣೆ ಆಯಿತು ಅಂತ ಇಟ್ಟುಕೊಳ್ಳಿರಿ. ಉದಾಹರಣೆಗಾಗಿ ನಾವೇ ಹಿಡಿದ ಅಂಕಿ ಇವು, ಗ್ರಾಂ ಪ್ರತಿ ಡೆಸಿಲೀಟರ್ ಲೆಕ್ಕದಲ್ಲಿ:

7, 9, 10, 12, 13, 13, 13

ಕೂಡಿಸಿದರೆ 77. ಏಳರಿಂದ ಭಾಗಿಸಿದರೆ ಸರಾಸರಿ 11. ನಟ್ಟನಡುವಿನ ಅಂಕಿ, ಅಂದರೆ ಮಧ್ಯಾಂಕ, 12. ಹೆಚ್ಚು ಸಲ ಬಂದದ್ದು, ಅಂದರೆ ಬಹುಲಕ, 13. ಮೂರೂ ಲೆಕ್ಕ ಸರಿಯೇ. ಆದರೆ ಹದಿಹರೆಯದ ಹುಡುಗಿಯರಲ್ಲಿ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 8ಕ್ಕಿಂತ ಕಡಿಮೆ ಇದ್ದರೆ ತೀವ್ರ ರಕ್ತಹೀನತೆ. ಬಹುಲಕ ನೋಡಿದವರು "ಎಲ್ಲಾ ಛಲೋ ಐತಿ" ಅಂತಾರ. ಸರಾಸರಿ ನೋಡಿದವರು "ಎಲ್ಲರಿಗೂ ಸ್ವಲ್ಪ ಕಮ್ಮಿ" ಅಂತಾರ. ಮೊದಲ ಸಾಲಿನಲ್ಲಿ ಕೂತ 7ರ ಹುಡುಗಿಯನ್ನು ಇವತ್ತೇ ಡಾಕ್ಟರ್ ಹತ್ತಿರ ಕಳಿಸಬೇಕು ಅನ್ನುವುದನ್ನು ಎರಡೂ ಹೇಳುವುದಿಲ್ಲ.

ಇನ್ನೊಂದು ಶಾಲೆಯಲ್ಲಿ ಏಳೂ ಹುಡುಗಿಯರದು 11 ಇದ್ದರೆ? ಸರಾಸರಿ ಅಲ್ಲಿಯೂ 11. ಎರಡು ಶಾಲೆಗಳ ಫರಕು ಕಾಣಬೇಕಾದರೆ ಅಂಕಿಗಳು ಎಷ್ಟು ಚದುರಿವೆ ಅನ್ನುವುದನ್ನು ಅಳೆಯಬೇಕು. ಮೊದಲ ಶಾಲೆಯ ಪ್ರತಿ ಅಂಕಿಯಿಂದ 11 ಕಳೆಯಿರಿ: −4, −2, −1, 1, 2, 2, 2. ವರ್ಗ ಮಾಡಿ ಕೂಡಿಸಿರಿ: 34. ಏಳರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ: ಸುಮಾರು 2.2. ಎರಡನೆಯ ಶಾಲೆಯದು 0. ಇದೇ ಮಾನಕ ವಿಚಲನೆ, ಇಂಗ್ಲಿಷ್‌ನಲ್ಲಿ ಸ್ಟ್ಯಾಂಡರ್ಡ್ ಡೀವಿಯೇಶನ್. ಕಾಲೇಜಿನಲ್ಲಿ ಮಕ್ಕಳು ಅಂಜುವ ಹೆಸರು ಇದು. ಒಳಗೆ ಇರುವುದು ಕಳೆಯುವುದು, ವರ್ಗ, ಕೂಡಿಸುವುದು, ಭಾಗಾಕಾರ, ವರ್ಗಮೂಲ ಅಷ್ಟೇ. ಏಳು ಜನ ದೊಡ್ಡ ಗುಂಪಿನಿಂದ ಆರಿಸಿದ ಮಾದರಿ ಆಗಿದ್ದರೆ ಏಳರ ಬದಲು ಆರರಿಂದ ಭಾಗಿಸುತ್ತಾರೆ. ಆಗ ಉತ್ತರ ಸುಮಾರು 2.4.

ಛಾಪಾ ಐದು ಸಲ ಬಿದ್ದರೆ?

ಸಂಖ್ಯಾಶಾಸ್ತ್ರದ ಎರಡನೆಯ ಅರ್ಧ ಆಕಸ್ಮಿಕದ ವಿಚಾರ. ಹೊಸ ರೀತಿ ಡ್ರೆಸಿಂಗ್ ಮಾಡಿದ ಐದು ಜನರ ಗಾಯ ಬೇಗ ಮಾಯಿತು ಅಂದರೆ, ಅದು ಡ್ರೆಸಿಂಗ್‌ನ ಗುಣವೋ, ಸುಮ್ಮನೆ ಹಾಗೆ ಕೂಡಿಬಂತೋ?

ಛಾಪಾ-ಕಾಟಾ ಆಡುವ ನಾಣ್ಯ ತಗೊಳ್ಳಿರಿ. ನಾಣ್ಯ ಸರಿ ಇದೆ ಎಂದಿಟ್ಟುಕೊಂಡರೆ, ಐದು ಸಲ ಹಾರಿಸಿದಾಗ ಐದೂ ಸಲ ಛಾಪಾ ಬೀಳುವ ಸಂಭವನೀಯತೆ ½ × ½ × ½ × ½ × ½, ಅಂದರೆ 1/32, ಸುಮಾರು 0.03. ಸಂಶೋಧನೆಯ ವರದಿಗಳಲ್ಲಿ ಬರುವ "ಪಿ ಬೆಲೆ" ಅಂದರೆ ಇಂಥದೇ ಅಂಕಿ: ಏನೂ ವಿಶೇಷ ಇಲ್ಲ ಎಂದೇ ಹಿಡಿದರೆ, ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ಫರಕು ಕಾಣುವ ಸಂಭವನೀಯತೆ ಎಷ್ಟು? ಅದು 0.05ಕ್ಕಿಂತ ಕಡಿಮೆ ಬಂದರೆ "ಇದು ಬರೀ ಆಕಸ್ಮಿಕ ಇರಲಿಕ್ಕಿಲ್ಲ" ಎನ್ನುವುದು ರೂಢಿ. ಡ್ರೆಸಿಂಗ್ ಒಳ್ಳೆಯದು ಎಂಬುದಕ್ಕೆ ಅದು ಮುದ್ರೆ ಒತ್ತಿದಂತಲ್ಲ. ಮೌಖಿಕ ಪರೀಕ್ಷೆಯಲ್ಲಿ ಬಹಳ ಜನ ಎಡವುವುದು ಇಲ್ಲಿಯೇ.

ದಾಟುವ ದಾರಿ

ಮೊದಲನೆಯದು, ಒಂದು ವಹಿಯಲ್ಲಿ ಮೂರು ಕಂಬ ಹಾಕಿ ಕನ್ನಡ, ಮರಾಠಿ, ಇಂಗ್ಲಿಷ್ ಶಬ್ದ ಬರೆದುಕೊಳ್ಳಿರಿ. ಸರಾಸರಿ, ಮಧ್ಯ, ಮೀನ್. ಮಧ್ಯಾಂಕ, ಮಧ್ಯಕ, ಮೀಡಿಯನ್. ಬಹುಲಕ, ಬಹುಲಕ, ಮೋಡ್. ಮರಾಠಿಯಲ್ಲಿ "ಮಧ್ಯ" ಬೇರೆ, "ಮಧ್ಯಕ" ಬೇರೆ. ಒಂದು "ಕ" ತಪ್ಪಿದರೆ ಉತ್ತರವೇ ತಪ್ಪುತ್ತದೆ. ಎರಡು ಭಾಷೆಯ ನಡುವೆ ಬೆಳೆದ ನಮಗೆ ಈ ಎಚ್ಚರ ಹೆಚ್ಚು ಬೇಕು.

ಎರಡನೆಯದು, ಸೂತ್ರ ಬಾಯಿಪಾಠ ಮಾಡುವ ಮೊದಲು ಐದಾರು ಸಣ್ಣ ಅಂಕಿ ಇಟ್ಟುಕೊಂಡು ಕೈಯಿಂದ ಬಿಡಿಸಿರಿ. ಆಮೇಲೆ ಕ್ಯಾಲ್ಕುಲೇಟರ್ ಮುಟ್ಟಿರಿ.

ಮೂರನೆಯದು, ಉತ್ತರದ ಕೆಳಗೆ ಅದರ ಅರ್ಥವನ್ನು ಒಂದು ವಾಕ್ಯದಲ್ಲಿ ಬರೆಯಿರಿ: "ಏಳರಲ್ಲಿ ಮೂವರಿಗೆ ರಕ್ತಹೀನತೆ ಇದೆ, ಒಬ್ಬಳಿಗೆ ತೀವ್ರ." ರೋಗಿಯ ಮನೆಯವರಿಗೆ ತಿಳಿಯುವುದು ಈ ವಾಕ್ಯ.

ನಾಲ್ಕನೆಯದು ಕಾಲೇಜಿಗೆ ಹೋದ ಮೇಲಿನ ಮಾತು. ಯಾವ ಪರೀಕ್ಷೆ ಹಚ್ಚಬೇಕೆಂದು ಗೊಂದಲವಾದರೆ ನಿಮ್ಮ ಹತ್ತಿರ ಎಂಥ ಅಂಕಿ ಇದೆ ನೋಡಿರಿ. ಎರಡು ಗುಂಪಿನ ಸರಾಸರಿ ಹೋಲಿಸುವುದಿದ್ದರೆ ಸಾಮಾನ್ಯವಾಗಿ ಟಿ-ಪರೀಕ್ಷೆ. "ಎಷ್ಟು ಜನರಿಗೆ ಐತಿ, ಎಷ್ಟು ಜನರಿಗೆ ಇಲ್ಲ" ಎಂಬ ಎಣಿಕೆ ಇದ್ದರೆ ಕೈ-ಸ್ಕ್ವೇರ್. ವಯಸ್ಸು ಮತ್ತು ರಕ್ತದೊತ್ತಡದಂಥ ಎರಡು ಅಳತೆ ಕೂಡಿ ಏರುತ್ತವೆಯೇ ಎಂದು ನೋಡುವುದಿದ್ದರೆ ಸಹಸಂಬಂಧ.

ವರ್ಗದಲ್ಲಿ ಮಾಡಿ ನೋಡ್ರಿ

ನಿಮ್ಮ ವರ್ಗದಲ್ಲಿ ಪ್ರತಿಯೊಬ್ಬರೂ ಒಂದು ನಾಣ್ಯವನ್ನು ಐದು ಸಲ ಹಾರಿಸಿರಿ. 32 ಜನ ಇದ್ದರೆ ಸರಾಸರಿ ಒಬ್ಬರಿಗೆ ಐದೂ ಸಲ ಛಾಪಾ ಬೀಳಬೇಕು. ಕೆಲವು ಸಲ ಇಬ್ಬರಿಗೆ ಬೀಳಬಹುದು, ಕೆಲವು ಸಲ ಯಾರಿಗೂ ಇಲ್ಲ. ಯಾರಿಗೆ ಬಿತ್ತೋ ಅವರ ನಾಣ್ಯದಲ್ಲಿ ಏನಾದರೂ ಮಹಿಮೆ ಐತೇನು? ಅದೇ ನಾಣ್ಯವನ್ನು ಮತ್ತೆ ಇಪ್ಪತ್ತು ಸಲ ಹಾರಿಸಿ, ಬಂದದ್ದನ್ನು ಹಲಗೆಯ ಮೇಲೆ ಬರೆದು, ಗಣಿತದ ಗುರುಗಳ ಮುಂದೆ ಚರ್ಚೆ ಮಾಡಿರಿ. ನಾಳೆ ಯಾರಾದರೂ ಬಂದು "ಈ ಔಷಧದಿಂದ ನಮ್ಮ ಓಣಿಯ ಐದು ಮಂದಿ ಆರಾಮಾದರು" ಅಂದಾಗ ಏನು ಕೇಳಬೇಕೆಂದು ಆ ಹಲಗೆಯೇ ನಿಮಗೆ ಹೇಳಿಕೊಡುತ್ತದೆ.