ಲಿಫ್ಟ್ ಮೇಲೆ ನಿಂತವರ ಸೇಫ್ಟಿ ಯಾರ ಹೊಣೆ? ದೊಡ್ಡಬಳ್ಳಾಪುರ, ಹೊಸಕೋಟೆ ಸೈಟುಗಳ ಕಥೆ

ಇದನ್ನ ನೀವು ಲಿಫ್ಟ್ ಒಳಗೆ ನಿಂತ್ಕೊಂಡೇ ಕೇಳ್ತಾ ಇದ್ರೆ ಗಾಬರಿ ಬೇಡ. ಇವತ್ತಿನ ಮಾತು ಲಿಫ್ಟ್‌ನಲ್ಲಿ ಹೋಗೋರ ಬಗ್ಗೆ ಅಲ್ಲ, ಅದರ ತಲೆ ಮೇಲೆ ನಿಂತು ಕೆಲಸ ಮಾಡೋರ ಬಗ್ಗೆ.

ನನ್ನ ಗೆಳೆಯನೊಬ್ಬ ಐಟಿಐ ಮುಗಿಸಿ ಆರು ವರ್ಷದಿಂದ ಲಿಫ್ಟ್ ಕೆಲಸ ಮಾಡ್ತಾನೆ. ಮನೆ ದೊಡ್ಡಬಳ್ಳಾಪುರ. ಬೆಳಗ್ಗೆ ದೇವನಹಳ್ಳಿ ಅಪಾರ್ಟ್‌ಮೆಂಟ್, ಮಧ್ಯಾಹ್ನ ಹೊಸಕೋಟೆಯ ಯಾವುದೋ ಗೋಡೌನಿನ ಗೂಡ್ಸ್ ಲಿಫ್ಟ್, ಮರುದಿನ ನೆಲಮಂಗಲದ ಕಡೆ. ನಾಲ್ಕು ಜನರ ಗ್ಯಾಂಗ್. ಕಂಪನಿ ಕೆಲಸವನ್ನ ಕಾಂಟ್ರಾಕ್ಟರ್‌ಗೆ ಕೊಡುತ್ತೆ, ಅವನು ಸಬ್ ಕಾಂಟ್ರಾಕ್ಟರ್‌ಗೆ, ಅವನು ಇವರಿಗೆ. ತಲೆ ಮೇಲಿರೋದು ಬೈಕ್ ಹೆಲ್ಮೆಟ್. ಸೈಟ್ ಹೆಲ್ಮೆಟ್ ಅಂತ ಬೇರೆ ಕೊಟ್ಟಿಲ್ಲ.

ಹೋದ ವರ್ಷ ಅವನು ಕಾರ್ ಮೇಲೆ ನಿಂತಿದ್ದ. ಲಿಫ್ಟ್ ಪೆಟ್ಟಿಗೆಗೆ ಅವರು ‘ಕಾರ್’ ಅಂತಾರೆ. ಕಾರ್ ಮೇಲೆ ಒಂದು ಇನ್‌ಸ್ಪೆಕ್ಷನ್ ಸ್ವಿಚ್ ಇರುತ್ತೆ. ಅದನ್ನ ಹಾಕಿದ್ರೆ ಮಹಡಿಗಳಲ್ಲಿ ಯಾರು ಬಟನ್ ಒತ್ತಿದ್ರೂ ಲಿಫ್ಟ್ ಅಲ್ಲಾಡಲ್ಲ. ಮೇಲೆ ನಿಂತವನು ಒತ್ತಿದಾಗ ಮಾತ್ರ ನಿಧಾನಕ್ಕೆ ಚಲಿಸುತ್ತೆ. ಆ ಸ್ವಿಚ್ ಕೆಟ್ಟು ಹದಿನೈದು ದಿನ ಆಗಿತ್ತು. ಹೇಳಿದ್ದ. ‘ಇವತ್ತು ಹ್ಯಾಂಡೋವರ್, ಅಡ್ಜಸ್ಟ್ ಮಾಡ್ಕೋ’ ಅನ್ನೋ ಉತ್ತರ ಬಂತು. ಒಂದು ಮಹಡಿ ಮೇಲೆ ಹೋಗೋಕೆ ಅಂತ ಸ್ಟಾಪ್ ಸ್ವಿಚ್ ಬಿಡಿಸಿದ್ದಷ್ಟೇ, ಕೆಳಗೆ ಪೇಂಟರ್ ಒಬ್ಬ ಬಟನ್ ಒತ್ತಿದ. ಕಾರ್ ಹೊರಟೇಬಿಡ್ತು. ಕತ್ತಲಲ್ಲಿ ಕೈಗೆ ಸ್ಟಾಪ್ ಸ್ವಿಚ್ ಸಿಕ್ತು, ಬದುಕಿಕೊಂಡ. ಇದನ್ನ ನಂಗೆ ಹೇಳಿದ್ದು ಎರಡು ತಿಂಗಳಾದ ಮೇಲೆ, ಅದೂ ನಗ್ತಾ.

ನಮ್ಮ ಭಯ, ಅವರ ಭಯ ಬೇರೆ ಬೇರೆ. ನಮಗೆಲ್ಲ ಸಿನಿಮಾ ನೋಡಿ ರೋಪ್ ಕಟ್ಟಾಗಿ ಲಿಫ್ಟ್ ಬೀಳುತ್ತೆ ಅನ್ನೋ ಭಯ. ಆದರೆ ರೋಪ್‌ಗಳು ಒಂದಲ್ಲ, ಹಲವು. ವೇಗ ಮಿತಿ ಮೀರಿದ್ರೆ ಗವರ್ನರ್ ಅನ್ನೋ ಸಾಧನ ಎಳೆದು, ಕಾರ್ ಕೆಳಗಿನ ಸೇಫ್ಟಿ ಗೇರ್ ಹಳಿಯನ್ನ ಕಚ್ಚಿ ಹಿಡಿಯುತ್ತೆ. 1854ರಲ್ಲಿ ನ್ಯೂಯಾರ್ಕ್‌ನಲ್ಲಿ ಎಲಿಶಾ ಓಟಿಸ್ ತಾನು ನಿಂತಿದ್ದ ವೇದಿಕೆಯ ಹಗ್ಗ ಕಡಿಸಿ ಜನರಿಗೆ ತೋರಿಸಿದ್ದು ಇಂಥದ್ದೇ ಬ್ರೇಕ್.

ಇನ್ನೊಂದು ವಿಷಯ ಕೇಳಿದ್ರೆ ನಂಬಲ್ಲ. ಸಾಮಾನ್ಯ ಲಿಫ್ಟ್‌ನ ಬ್ರೇಕ್ ಕೈಕೊಟ್ರೆ ಖಾಲಿ ಕಾರ್ ಕೆಳಗೆ ಬೀಳಲ್ಲ, ಮೇಲಕ್ಕೆ ಹೋಗುತ್ತೆ! ಯಾಕಂದ್ರೆ ಇನ್ನೊಂದು ತುದಿಯಲ್ಲಿರೋ ಕೌಂಟರ್‌ವೇಟ್, ಕಾರ್‌ನ ತೂಕದ ಜೊತೆ ಅದು ಹೊರೋ ಭಾರದ ಸುಮಾರು ಅರ್ಧದಷ್ಟನ್ನ ಸೇರಿಸಿದಷ್ಟು ಭಾರ ಇರುತ್ತೆ. ಒಳಗಿದ್ದವನಿಗೆ ಅದು ಒಂದು ಏಟು. ಮೇಲೆ ನಿಂತವನ ತಲೆ ಮೇಲೆ ಕಾಂಕ್ರೀಟ್ ಸ್ಲ್ಯಾಬ್ ಇರುತ್ತೆ.

ಲಿಫ್ಟ್ ಕೂರಿಸೋಕೆ ಮುಂಚೆ ಅದೊಂದು ಖಾಲಿ ಬಾವಿ. 2022ರ ಸೆಪ್ಟೆಂಬರ್ 14ರಂದು ಅಹಮದಾಬಾದ್‌ನಲ್ಲಿ ಅಂಥ ಬಾವಿಯೊಳಗಿನ ಅಟ್ಟಣಿಗೆ ಕುಸಿದು ಏಳು ಕಾರ್ಮಿಕರು ಸತ್ತರು. ಮುಂದಿನ ವರ್ಷ ಸೆಪ್ಟೆಂಬರ್ 10ಕ್ಕೆ ಠಾಣೆಯಲ್ಲಿ ಕಟ್ಟಡ ಕೆಲಸದ ಲಿಫ್ಟ್ ಬಿದ್ದು ಮತ್ತೆ ಏಳು ಜನ.

ಕಾನೂನು ಇಲ್ವಾ ಅಂದ್ರೆ, ಇದೆ. ಕರ್ನಾಟಕದಲ್ಲಿ 1974ರಲ್ಲೇ ಲಿಫ್ಟ್ ಕಾಯ್ದೆ ಬಂದಿತ್ತು, ಆಮೇಲೆ 2012ರ ಹೊಸ ಕಾಯ್ದೆ. ಕೂರಿಸೋಕೆ ಅನುಮತಿ, ಓಡಿಸೋಕೆ ಲೈಸೆನ್ಸ್, ವಿದ್ಯುತ್ ಪರಿವೀಕ್ಷಣಾಲಯದ ತಪಾಸಣೆ ಎಲ್ಲ ಬೇಕು. ಆದರೆ ಅದರ ಕಣ್ಣು ಹೆಚ್ಚಾಗಿ ಲಿಫ್ಟ್ ಮೇಲೆ. ಅದನ್ನ ಕೂರಿಸೋ ಹುಡುಗನ ಮೇಲೆ ಕಡಿಮೆ, ಇದು ನನ್ನ ಅಭಿಪ್ರಾಯ.

ಹೊಸ ಸುದ್ದಿ ಅಂದ್ರೆ 2025ರ ನವೆಂಬರ್ 21ರಿಂದ ಜಾರಿಯಾದ ನಾಲ್ಕು ಕಾರ್ಮಿಕ ಸಂಹಿತೆಗಳು. ಸುರಕ್ಷತೆಯ ಸಂಹಿತೆ ಪ್ರಕಾರ ಕೆಲಸಕ್ಕೆ ಸೇರಿಸ್ಕೊಂಡ್ರೆ ನೇಮಕಾತಿ ಪತ್ರ ಕೊಡಲೇಬೇಕು. ಪ್ರಾಣಕ್ಕೆ ಅಪಾಯ ಇದೆ ಅನ್ನಿಸಿದ್ರೆ ಕಾರ್ಮಿಕ ಅದನ್ನ ಮಾಲೀಕನಿಗೂ, ಅದೇ ಹೊತ್ತಿಗೆ ಸರ್ಕಾರದ ಇನ್‌ಸ್ಪೆಕ್ಟರ್‌ಗೂ ತಿಳಿಸಬಹುದು. ನನ್ನ ಗೆಳೆಯನ ಇನ್‌ಸ್ಪೆಕ್ಷನ್ ಸ್ವಿಚ್ ಕಥೆಗೆ ಇದು ಸರಿಯಾಗಿ ಹೊಂದುತ್ತೆ. ತೊಡಕು ಏನಂದ್ರೆ, ಆ ಸಂಹಿತೆ ಸಾಮಾನ್ಯವಾಗಿ ಅನ್ವಯ ಆಗೋದು ಹತ್ತು ಅಥವಾ ಹೆಚ್ಚು ಕಾರ್ಮಿಕರಿರೋ ಸಂಸ್ಥೆಗೆ. ನಾಲ್ಕು ಜನರ ಗ್ಯಾಂಗ್‌ನ ಸಬ್ ಕಾಂಟ್ರಾಕ್ಟರ್ ‘ನಂದು ಅಷ್ಟು ದೊಡ್ಡದಲ್ಲಪ್ಪಾ’ ಅಂತ ಜಾರಿಕೊಳ್ಳೋಕೆ ಇಷ್ಟು ಸಾಕು.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡ್ತೀನಿ, ಯಾಕಂದ್ರೆ ಇಲ್ಲೇ ಹೆಚ್ಚು ಮೋಸ ಆಗೋದು. 1923ರ ನೌಕರರ ಪರಿಹಾರ ಕಾಯ್ದೆಯ ಸೂತ್ರದಲ್ಲಿ, ಕೆಲಸದ ಅಪಘಾತದಲ್ಲಿ ಸಾವಾದ್ರೆ ತಿಂಗಳ ಸಂಬಳದ ಅರ್ಧವನ್ನ ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. 25 ವರ್ಷಕ್ಕೆ ಆ ಅಂಕಿ 216.91. ಸಂಬಳವನ್ನ 15,000 ರೂಪಾಯಿವರೆಗೆ ಮಾತ್ರ ಲೆಕ್ಕ ಹಿಡಿಯೋ ಮಿತಿ 2020ರಲ್ಲಿ ಬಂತು. ಆ ಲೆಕ್ಕದಲ್ಲಿ 16,26,825 ರೂಪಾಯಿ. ಸಬ್ ಕಾಂಟ್ರಾಕ್ಟರ್ ಫೋನ್ ಆಫ್ ಮಾಡ್ಕೊಂಡು ಹೋದ್ರೂ, ಅವನಿಗೆ ಕೆಲಸ ಕೊಟ್ಟ ಮೂಲ ಮಾಲೀಕ ಹೊಣೆ ಹೊರಬೇಕು ಅಂತ ಅದೇ ಕಾಯ್ದೆಯ 12ನೇ ಸೆಕ್ಷನ್ ಹೇಳಿತ್ತು. ಹೊಸ ಸಂಹಿತೆಯಲ್ಲೂ ಆ ತತ್ವ ಉಳಿದಿದೆ. ಇಎಸ್‌ಐ ಇದ್ದವರಿಗೆ ದಾರಿ ಬೇರೆ: ಒಟ್ಟಿಗೆ ದುಡ್ಡಲ್ಲ, ಕುಟುಂಬಕ್ಕೆ ತಿಂಗಳು ತಿಂಗಳು ಪಿಂಚಣಿ ಥರ. ಇದು ಗೊತ್ತಿಲ್ಲದ ಮನೆಯವರು ಒಂದೋ ಎರಡೋ ಲಕ್ಷಕ್ಕೆ ಸಹಿ ಹಾಕಿಬಿಡ್ತಾರೆ.

ಹಂಗಾದ್ರೆ ಕೇಳೋದು ಯಾರು? ಸಂಘ. ಆದರೆ ಫ್ಯಾಕ್ಟರಿ ಗೇಟ್‌ನಲ್ಲಿ ಸಂಘ ಕಟ್ಟಿದ ಹಾಗೆ ಇಲ್ಲಿ ಆಗಲ್ಲ, ಗೇಟೇ ಇಲ್ಲ. ಅಮೆರಿಕದಲ್ಲಿ ಲಿಫ್ಟ್ ಕಾರ್ಮಿಕರು 1901ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಒಂದು ಯೂನಿಯನ್ ಕಟ್ಟಿದ್ರು. ಅದರ ಘಟಕಗಳಿಗೆ ‘ಲೋಕಲ್’ ಅಂತಾರೆ, ಲೋಕಲ್ ಒಂದು ನ್ಯೂಯಾರ್ಕ್‌ನದ್ದು. ಗಮನಿಸಿ, ಕಂಪನಿಗೊಂದು ಲೋಕಲ್ ಅಲ್ಲ, ಊರಿಗೊಂದು. ಇವತ್ತು ಈ ಕಂಪನಿ, ನಾಳೆ ಇನ್ನೊಂದು, ಸಂಘ ಮಾತ್ರ ಅದೇ. ನಾಲ್ಕು ತಾಲ್ಲೂಕು ಸುತ್ತೋ ನಮ್ಮ ಹುಡುಗರಿಗೆ ನಂಗೆ ಕಾಣೋದು ಇದೇ ದಾರಿ. ನಮ್ಮ ಕಾನೂನಲ್ಲೂ ಏಳು ಜನ ಸೇರಿ ನೋಂದಣಿಗೆ ಅರ್ಜಿ ಹಾಕಬಹುದು, ಆದರೆ ಆ ಸಂಸ್ಥೆ ಅಥವಾ ಉದ್ಯಮದ ಶೇಕಡಾ 10 ಇಲ್ಲವೇ ನೂರು ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರು ಬೇಕು. ಅಲ್ಲಿವರೆಗೆ ಸಿಐಟಿಯು, ಎಐಟಿಯುಸಿ ಕಡೆಯ ಕಟ್ಟಡ ಕಾರ್ಮಿಕರ ಸಂಘಗಳು ಇವೆ. ಕಟ್ಟಡದಲ್ಲಿ ಲಿಫ್ಟ್ ಕೂರಿಸೋದೂ ಕಟ್ಟಡ ಕೆಲಸವೇ. 18ರಿಂದ 60 ವರ್ಷದೊಳಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿದ್ರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್‌ಗೆ ಅರ್ಜಿ ಹಾಕಬಹುದು. ಕಾರ್ಮಿಕ ಇಲಾಖೆಯ ಸಹಾಯವಾಣಿ 155214.

ಈ ಎಪಿಸೋಡ್ ರೆಕಾರ್ಡ್ ಮಾಡೋಕೆ ಮುಂಚೆ ಗೆಳೆಯನಿಗೆ ಫೋನ್ ಮಾಡಿ, ಕಾರ್ಡ್ ಮಾಡಿಸಿದ್ಯಾ ಅಂತ ಕೇಳಿದೆ. ‘ನಾನು ಲಿಫ್ಟ್ ಟೆಕ್ನಿಷಿಯನ್ ಕಣೋ, ಗಾರೆ ಕೆಲಸದವನಲ್ಲ’ ಅಂದ. ಭಾನುವಾರ ಅವನ ಮನೆಗೆ ಹೋಗ್ತಾ ಇದೀನಿ, ಗ್ಯಾಂಗ್‌ನ ಉಳಿದ ಮೂವರನ್ನೂ ಕರೆಸು ಅಂತ ಹೇಳಿದೀನಿ.