ಬೇಸಿಗೆ ರಜೆಯಲ್ಲಿ ಮರೆಯಾಗುವ ವಿದುರಾಶ್ವತ್ಥ

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜವನ್ನು ಏರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂದು ಆ ಸ್ಥಳಕ್ಕೆ ಹೆಸರಾಯಿತು. ನಮ್ಮ ನಾಡಿನ ಸಮಾಜವಿಜ್ಞಾನದ ಪಠ್ಯಗಳಲ್ಲಿ ಶಿವಪುರ, ವಿದುರಾಶ್ವತ್ಥ, ಈಸೂರು ಎಂಬ ಮೂರು ಹೆಸರುಗಳು ಒಂದರ ಹಿಂದೊಂದು ಬರುತ್ತವೆ. ಮಕ್ಕಳು ಅವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಆದರೆ ಏಪ್ರಿಲ್ 25 ಬರುವ ಹೊತ್ತಿಗೆ ಸರ್ಕಾರಿ ಶಾಲೆಗಳ ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಆಗಸ್ಟ್ 15ಕ್ಕೆ ದೊರೆಯುವ ಧ್ವಜ, ಭಾಷಣ, ಸಿಹಿ ಯಾವುದೂ ಈ ದಿನಕ್ಕೆ ಇಲ್ಲ. ಮಕ್ಕಳು ಅಜ್ಜಿಯ ಊರಿನಲ್ಲಿ ಮಾವಿನ ತೋಪು ಸುತ್ತುತ್ತಿರುತ್ತಾರೆ.

ಪಂಚಾಂಗದ ಈ ಸಣ್ಣ ಅಡಚಣೆಯನ್ನು ನಾವು ಹಗುರವಾಗಿ ಎಣಿಸುವಂತಿಲ್ಲ. ಶಾಲೆ ಯಾವ ದಿನವನ್ನು ಆಚರಿಸುತ್ತದೆಯೋ ಆ ದಿನವೇ ಮಗುವಿನ ಮನಸ್ಸಿನಲ್ಲಿ ನಿಲ್ಲುವುದು. ಕಳವಾರದ ಬೆಟ್ಟದ ಬುಡದ ಊರುಗಳಿಂದ ಹಿಡಿದು ಚಿಂತಾಮಣಿ, ಶಿಡ್ಲಘಟ್ಟದವರೆಗಿನ ಮಕ್ಕಳಿಗೆ ಅಮೃತಸರದ ಗೋಡೆಯ ಗುಂಡಿನ ಗುರುತುಗಳು ಚಿತ್ರದಲ್ಲಿ ಪರಿಚಿತ. ತಮ್ಮ ಜಿಲ್ಲೆಯಲ್ಲೇ ಇರುವ, ರೈಲು ನಿಲ್ದಾಣವೂ ಉಳ್ಳ ವಿದುರಾಶ್ವತ್ಥವನ್ನು ಎಷ್ಟು ಮಂದಿ ಕಂಡಿದ್ದಾರೆ? ಶಾಲಾ ಪ್ರವಾಸದ ಬಸ್ಸು ಮೈಸೂರಿಗೆ, ಹಳೇಬೀಡಿಗೆ, ಜೋಗಕ್ಕೆ ಹೋಗುತ್ತದೆ. ಉತ್ತರ ಪಿನಾಕಿನಿಯ ದಂಡೆಗೆ ಬರುವುದು ಅಪರೂಪ.

ನಡೆದದ್ದನ್ನು ಸಂಕ್ಷೇಪವಾಗಿ ಹೇಳಬೇಕು. ಆ ಏಪ್ರಿಲ್‌ನಲ್ಲಿಯೇ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತ್ತು. ಅಧ್ಯಕ್ಷರಾದ ಟಿ. ಸಿದ್ದಲಿಂಗಯ್ಯನವರು ನಿಷೇಧಾಜ್ಞೆಯನ್ನು ಮೀರಿ ಧ್ವಜವನ್ನು ಏರಿಸಿ ಬಂಧನಕ್ಕೊಳಗಾದರು. ಆ ಕಿಡಿ ಎಲ್ಲ ಜಿಲ್ಲೆಗಳಿಗೂ ಹಬ್ಬಿತು. ಎರಡು ವಾರಗಳೊಳಗೆ, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ವಿದುರಾಶ್ವತ್ಥದಲ್ಲಿ ರಕ್ತ ಹರಿಯಿತು. ಸುದ್ದಿ ಗಾಂಧೀಜಿಯವರನ್ನು ಮುಟ್ಟಿತು. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರಿಗೆ ಬಂದರು. ಮೇ ತಿಂಗಳಲ್ಲಿ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಆದ ಒಪ್ಪಂದವೇ ಮಿರ್ಜಾ-ಪಟೇಲ್ ಒಪ್ಪಂದ. ಯಾವ ಧ್ವಜಕ್ಕಾಗಿ ಜನ ಸತ್ತರೋ ಆ ಧ್ವಜ ಸಂಸ್ಥಾನದ ಧ್ವಜದ ಜೊತೆಯಲ್ಲಿ ಹಾರಲು ಒಪ್ಪಿಗೆ ದೊರೆಯಿತು. ಗೋಲೀಬಾರಿನ ವಿಚಾರಣೆಗೆ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಸಮಿತಿ ನೇಮಕವಾಯಿತು.

ಇಲ್ಲಿಂದ ಮುಂದೆ ಉಪಾಧ್ಯಾಯರ ಕಷ್ಟ ಆರಂಭವಾಗುತ್ತದೆ. ಜಾಣ ಹುಡುಗಿಯೊಬ್ಬಳು ಎದ್ದು ನಿಂತು, “ಗುಂಡು ಹಾರಿಸಿದವರು ಬ್ರಿಟಿಷರೇ, ಸಾರ್?” ಎಂದರೆ ಏನು ಹೇಳಬೇಕು? ಅಲ್ಲ. ಗುಂಡು ಹಾರಿಸಿದವರು ಮೈಸೂರು ಸಂಸ್ಥಾನದ ಪೊಲೀಸರು. ಸಿಂಹಾಸನದಲ್ಲಿದ್ದವರು ಗಾಂಧೀಜಿಯವರೇ ರಾಜರ್ಷಿ ಎಂದು ಕರೆದ ನಾಲ್ವಡಿ ಕೃಷ್ಣರಾಜ ಒಡೆಯರು. ಕನ್ನಂಬಾಡಿ ಕಟ್ಟೆಯ ಪಾಠದಲ್ಲಿ ಕೈಮುಗಿದ ಮಗು ಕೆಲವೇ ಪುಟಗಳಾಚೆ ಈ ಹೆಣಗಳನ್ನು ಕಾಣಬೇಕು. ಎರಡೂ ಸತ್ಯ. ಒಂದನ್ನು ಉಳಿಸಲು ಇನ್ನೊಂದನ್ನು ಮುಚ್ಚಿಡುವುದು ಪಾಠವಲ್ಲ ಎಂದು ನಾವು ತಿಳಿಯುತ್ತೇವೆ.

ಶರಣ ಪರಂಪರೆಯ ಮನೆಗಳ ಮಕ್ಕಳಿಗಾದರೂ ಇದು ಅರ್ಥವಾಗದ ಮಾತಲ್ಲ. ಬಸವಣ್ಣನವರನ್ನು ಭಂಡಾರಿಯ ಪದವಿಯಲ್ಲಿಟ್ಟವನು ಬಿಜ್ಜಳ. ಹರಳಯ್ಯ, ಮಧುವರಸರಿಗೆ ಘೋರ ಶಿಕ್ಷೆಯಾದದ್ದೂ ಅದೇ ಬಿಜ್ಜಳನ ಆಳ್ವಿಕೆಯಲ್ಲಿ ಎಂಬ ಕಥೆಯನ್ನು ಅವರು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದಿರುತ್ತಾರೆ. ಕಲ್ಯಾಣದ ನೆನಪು ಎಂಟು ಶತಮಾನ ಉಳಿದದ್ದು ಯಾವ ಸರ್ಕಾರದ ಸುತ್ತೋಲೆಯಿಂದಲೂ ಅಲ್ಲ. ಮನೆಯಲ್ಲಿ ಹೇಳಿದರು, ಮಠದಲ್ಲಿ ಹಾಡಿದರು, ಹಾಗಾಗಿ ಉಳಿಯಿತು.

ಸತ್ತವರ ಸಂಖ್ಯೆಯೂ ಇಂತಹುದೇ ಒಂದು ಪಾಠ. ಮೂವತ್ತೆರಡು ಎಂಬುದು ಜನ ಹೆಚ್ಚಾಗಿ ಹೇಳುವ ಲೆಕ್ಕ. ಸರ್ಕಾರ ಒಪ್ಪಿಕೊಂಡದ್ದು ಅದಕ್ಕಿಂತ ಬಹಳ ಕಡಿಮೆ. ಬಿಟ್ಟ ಸ್ಥಳ ತುಂಬಿರಿ ಎಂಬ ಪ್ರಶ್ನೆಗೆ ಒಂದೇ ಅಂಕಿ ಬೇಕು. ಆದರೆ ಎರಡು ಲೆಕ್ಕಗಳು ಏಕೆ ಹುಟ್ಟಿದವು, ಯಾರಿಗೆ ಯಾವ ಲೆಕ್ಕ ಅನುಕೂಲವಾಗಿತ್ತು ಎಂದು ಕೇಳಿಸುವುದೇ ನಿಜವಾದ ಇತಿಹಾಸಬೋಧೆ.

ಚಿತ್ರ ಬರೆಯಿಸುವ ಉಪಾಧ್ಯಾಯರಿಗೆ ಒಂದು ಸೂಚನೆ. ಅಂದಿನ ಧ್ವಜದ ನಡುವೆ ಇದ್ದುದು ಚರಕ. ಅಶೋಕ ಚಕ್ರ ಬಂದದ್ದು 1947ರ ಜುಲೈನಲ್ಲಿ. ಹಳೆಯ ಪುಸ್ತಕಗಳಲ್ಲಿ ಕೋಲಾರ ಜಿಲ್ಲೆಯ ವಿದುರಾಶ್ವತ್ಥ ಎಂದಿದ್ದರೆ ಅದು ತಪ್ಪಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಇನ್ನೊಂದು ಮಾತು: ಈ ಸೀಮೆಯ ಎಷ್ಟೋ ಮನೆಗಳ ಮಾತು ತೆಲುಗು. ಹಿಂದೂಪುರ ಕೂಗಳತೆಯಲ್ಲಿದೆ. ಪುಸ್ತಕದ ಪಾಠ ಕನ್ನಡದಲ್ಲಿ, ಮನೆಯ ನೆನಪು ತೆಲುಗಿನಲ್ಲಿ. ಹಿರಿಯರು ಹೇಳುವುದನ್ನು ಮಗು ಯಾವ ಭಾಷೆಯಲ್ಲಿ ಕೇಳಿ ಬಂದರೂ ತರಗತಿಯಲ್ಲಿ ಅದಕ್ಕೆ ಆಸನವಿರಬೇಕು.

ರಜೆಯ ತೊಡಕಿಗೆ ಪರಿಹಾರವಿಲ್ಲದಿಲ್ಲ. ಜನವರಿ 30ರ ಹುತಾತ್ಮರ ದಿನ ಶಾಲೆ ತೆರೆದೇ ಇರುತ್ತದೆ. ಅಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಎರಡು ನಿಮಿಷ ಮೌನವಾಗಿ ನಿಲ್ಲುವ ಪದ್ಧತಿಯೂ ಇದೆ. ಗಾಂಧೀಜಿಯವರ ಹೆಸರಿನೊಡನೆ ವಿದುರಾಶ್ವತ್ಥದ ಹೆಸರನ್ನೂ ಸೇರಿಸಲು ಮುಖ್ಯೋಪಾಧ್ಯಾಯರಿಗೆ ಯಾವ ಅಪ್ಪಣೆಯೂ ಬೇಕಾಗಿಲ್ಲ. ಏಪ್ರಿಲ್ 25 ಮಾತ್ರ ಮನೆಯವರ ಪಾಲಿಗೆ ಉಳಿಯುತ್ತದೆ.

ವಿದುರಾಶ್ವತ್ಥಕ್ಕೆ ನಾಗಪ್ರತಿಷ್ಠೆಯ ಹರಕೆ ಹೊತ್ತು ಬರುವ ಕುಟುಂಬಗಳು ಬಹಳ. ಅಲ್ಲಿನ ನಾಗರಕಲ್ಲುಗಳು ಎಣಿಕೆಗೆ ಸಿಗುವಂತಹವಲ್ಲ. (ಕಲ್ಲನಾಗರಕ್ಕೆ ಹಾಲೆರೆಯುವುದನ್ನು ಕುರಿತು ಬಸವಣ್ಣನವರು ಏನೆಂದರೆಂಬುದು ನಮ್ಮ ಓದುಗರಿಗೆ ತಿಳಿದೇ ಇದೆ, ಆ ಚರ್ಚೆ ಇಲ್ಲಿ ಬೇಡ.) ವಿದುರನು ನೆಟ್ಟನೆಂದು ಜನ ನಂಬಿದ್ದ ಹಳೆಯ ಅಶ್ವತ್ಥವೃಕ್ಷ 2001ರಲ್ಲಿ ಉರುಳಿತು. ಗುಡಿಯ ಸಮೀಪದಲ್ಲಿಯೇ ಹುತಾತ್ಮರ ಸ್ಮಾರಕಸ್ತೂಪವೂ ಸ್ವಾತಂತ್ರ್ಯ ಹೋರಾಟದ ಚಿತ್ರಗಳನ್ನಿಟ್ಟ ವೀರಸೌಧವೂ ಇವೆ. ಬುತ್ತಿ ಬಿಚ್ಚುವ ಮುನ್ನ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಆ ಚಿತ್ರಗಳ ಮುಂದೆ ನಿಲ್ಲಿಸಿ, ಅವರು ಕೇಳಿದಷ್ಟಕ್ಕೆ ಉತ್ತರ ಹೇಳಬಹುದು.