ಬಿಲ್ಲು ಜೋಪಾನ, ತಾರೀಖು ಓದಿರಿ

ಅಕ್ಕಲಕೋಟ ತಾಲೂಕಿನ ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರು 2,400 ರೂಪಾಯಿ ಕೊಟ್ಟು ಮಿಕ್ಸರ್ ತಂದರು. ಅದಕ್ಕೆ ಒಂದು ವರ್ಷದ ವಾರಂಟಿ ಇತ್ತು. ಇಪ್ಪತ್ತನೇ ದಿನ ಶೇಂಗಾ ಚಟ್ನಿ ಮಾಡುವಾಗ ಸುಟ್ಟ ವಾಸನೆ ಬಂತು. ಮಿಕ್ಸರ್ ನಿಂತೇ ಹೋಯಿತು. ಅಂಗಡಿಗೆ ಒಯ್ದರೆ, "ಮಾರೂದಷ್ಟೇ ನಮ್ಮ ಕೆಲಸ. ಕಂಪನಿಯವರನ್ನ ಕೇಳ್ರಿ" ಅಂದರು. ಅಕ್ಕ ಸುಮ್ಮನೆ ಮನೆಗೆ ಬಂದರು.

ನೀವಾದರೆ ಏನು ಮಾಡುತ್ತಿದ್ದಿರಿ?

ವಾರಂಟಿ ಅಂದರೆ ಬರೆದು ಕೊಟ್ಟ ಮಾತು. ಹೇಳಿದ ಅವಧಿಯೊಳಗೆ ಸಾಮಾನು ತಾನಾಗಿಯೇ ಕೆಟ್ಟರೆ ಪುಕ್ಕಟೆ ರಿಪೇರಿ ಮಾಡಬೇಕು, ಇಲ್ಲವೇ ಬದಲಿ ಕೊಡಬೇಕು. ನಾವೇ ಕೆಳಗೆ ಬೀಳಿಸಿ ಒಡೆದರೆ ವಾರಂಟಿ ಸಿಗುವುದಿಲ್ಲ.

ದುಡ್ಡು ತೆಗೆದುಕೊಂಡ ಅಂಗಡಿಯವರಿಗೂ ಹೊಣೆ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಏನು ಹೇಳುತ್ತದೆ ನೋಡಿರಿ. ಬಿಲ್ಲು ಕೊಡದೆ ಇರುವುದು ತಪ್ಪು. ದೋಷದ ಮಾಲನ್ನು ವಾಪಸ್ ಪಡೆದು ಹಣ ಕೊಡಲು ಒಪ್ಪದೆ ಇರುವುದೂ ತಪ್ಪು. ಇದಕ್ಕೆ ಬಿಲ್ಲಿನಲ್ಲಿ ಬರೆದಷ್ಟು ದಿನ ಗಡುವು. ಏನೂ ಬರೆಯದಿದ್ದರೆ 30 ದಿನ.

ನೀವು ಹೀಗೆ ಮಾಡಿರಿ:

1. ದುಡ್ಡು ಕೊಡುವಾಗಲೇ ಬಿಲ್ಲು ಕೇಳಿರಿ. ಬಿಲ್ಲು ಅಂದರೆ ಪಾವತಿ. ಅದರಲ್ಲಿ ತಾರೀಖು, ಬೆಲೆ, ಅಂಗಡಿಯ ಹೆಸರು ಓದಿ ನೋಡಿರಿ.

2. ವಾರಂಟಿ ಕಾರ್ಡಿನ ಮೇಲೆ ತಾರೀಖು ಬರೆಸಿರಿ. ಅಂಗಡಿಯ ಶಿಕ್ಕಾ ಹಾಕಿಸಿರಿ.

3. ಸಾಮಾನು ಕೆಟ್ಟರೆ ತಡ ಮಾಡಬೇಡಿರಿ. ಅಂಗಡಿಗೂ ಕಂಪನಿಗೂ ಚೀಟಿ ಬರೆದು ತಿಳಿಸಿರಿ. ಅದರ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

4. ಅವರು ಕೇಳದಿದ್ದರೆ 1915 ನಂಬರಿಗೆ ಫೋನ್ ಮಾಡಿರಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಇಲ್ಲಿ ಕನ್ನಡದಲ್ಲೇ ಮಾತಾಡಬಹುದು.

5. ಆಗಲೂ ಆಗದಿದ್ದರೆ ಸೋಲಾಪುರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿರಿ. ಎರಡು ವರ್ಷದೊಳಗೆ ಕೊಡಬೇಕು. ಸಾಮಾನಿನ ಬೆಲೆ 5 ಲಕ್ಷದವರೆಗೆ ಇದ್ದರೆ ಫೀ ಇಲ್ಲ. ವಕೀಲರು ಬೇಕೇಬೇಕು ಅಂತಿಲ್ಲ. ರಿಪೇರಿ, ಬದಲಿ ಸಾಮಾನು, ಹಣ ವಾಪಸ್, ನಷ್ಟ ಪರಿಹಾರ ಕೊಡಿಸುವ ಅಧಿಕಾರ ಆಯೋಗಕ್ಕೆ ಇದೆ.

ಆ ಅಕ್ಕನ ಕಾರ್ಡು ಖಾಲಿ ಇತ್ತು. ಯಾರೂ ತಾರೀಖು ತುಂಬಿರಲಿಲ್ಲ. ಆದರೆ ಬಿಲ್ಲು ಅಕ್ಕಿ ಡಬ್ಬಿಯಲ್ಲಿ ಜೋಪಾನವಾಗಿತ್ತು. ಮರುದಿನ ಅದನ್ನು ಹಿಡಿದು ಮತ್ತೆ ಹೋದರು. ತಾರೀಖನ್ನು ತಾವೇ ಓದಿ ಹೇಳಿದರು. "ಇಪ್ಪತ್ತೊಂದು ದಿನ ಆಗ್ಯಾವ್ರಿ. ಒಂದು ವರ್ಷ ಆಗಿಲ್ಲ" ಅಂದರು. ಎಂಟು ದಿನದಲ್ಲಿ ಬೇರೆ ಮಿಕ್ಸರ್ ಬಂತು.

ಓದಲು ಕಲಿತದ್ದು ಅಂದು ಅವರ ಕೈ ಹಿಡಿಯಿತು.

ಮನೆಗೆಲಸ: ನಿಮ್ಮ ಮನೆಯಲ್ಲಿರುವ ಒಂದು ಬಿಲ್ಲು ಹುಡುಕಿರಿ. ತಾರೀಖು, ಬೆಲೆ, ಅಂಗಡಿಯ ಹೆಸರು ಗಟ್ಟಿಯಾಗಿ ಓದಿರಿ. ವಾರಂಟಿ ಎಂದು ಮುಗಿಯುತ್ತದೆ? ಲೆಕ್ಕ ಹಾಕಿ ಬರೆಯಿರಿ.